ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಬಿಸಿಲು: ಮಲೆನಾಡಿನ ಮನೆಗೆ ಸ್ವಂತ ಕರೆಂಟು

ಸಾಗರದ ಕಡೆ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಆರಿದ್ರಾ ಮಳೆ ಹಿಡಿಯಿತು ಅಂದರೆ ಬಂದವರ ಮೊದಲ ಮಾತು ಕರೆಂಟಿನದ್ದೇ. "ಲೈನ್ ಮೇಲೆ ಮರ ಬಿದ್ದು ಮೂರು ದಿನ ಆಯ್ತು ಮಾರಾಯ್ರೆ. ಈ ಸಲ ಸೋಲಾರ್ ಹಾಕಿಸೋದೇ ಸೈ." ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಕರೆಂಟು ಹೋಗುವುದು ಮಳೆಗಾಲದಲ್ಲಿ, ಬಿಸಿಲು ಬಾರದಿರುವುದೂ ಮಳೆಗಾಲದಲ್ಲೇ. ಅದೇ ಹೊತ್ತಿಗೆ ಮನೆ ಹಿಂದಿನ ಹಳ್ಳ ಹಗಲೂ ರಾತ್ರಿ ಸುಮ್ನೆ ಹರಿದು ಹೋಗುತ್ತಿರುತ್ತದೆ. ಮೊದಲು ಅದನ್ನು ಅಳೆದು ಬನ್ನಿ, ಆಮೇಲೆ ಪ್ಯಾನೆಲ್ ಮಾತು ಆಡೋಣ ಅನ್ನುತ್ತೇನೆ.

ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಒಂದು ಚಕ್ರ ತಿರುಗಿಸಿ ಮನೆ ಮಟ್ಟಿಗೆ ಕರೆಂಟು ಮಾಡುವುದಕ್ಕೆ ಪಿಕೋ ಹೈಡ್ರೋ ಅನ್ನುತ್ತಾರೆ. ಐದು ಕಿಲೋವ್ಯಾಟ್ ಒಳಗಿನದಕ್ಕೆಲ್ಲ ಇದೇ ಹೆಸರು. ನಮ್ಮ ಕಡೆ ಮನೆಗಳಿಗೆ ಒಂದು ಕಿಲೋವ್ಯಾಟ್, ಅದಕ್ಕೂ ಚಿಕ್ಕದು ಸಾಕಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಶೃಂಗೇರಿ, ಕೊಡಗು, ಹೀಗೆ ಎಲ್ಲಿ ಇಳಿಜಾರೂ ನೀರೂ ಒಟ್ಟಿಗಿವೆಯೋ ಅಲ್ಲಿಗೆ ಇದು ಹೊಂದುತ್ತದೆ. ಬಯಲುಸೀಮೆಯವರು ನೇರ ಸೋಲಾರ್ ಭಾಗಕ್ಕೆ ಹೋಗಬಹುದು.

ನೀರಿನಿಂದ ಕರೆಂಟು ನಮ್ಮ ಕಡೆಗೆ ಹೊಸದಲ್ಲ. ಶರಾವತಿ ಹೊಳೆಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಅದರ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆ ನೀರಿಗೆ ಮನೆ, ತೋಟ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇವತ್ತು ನನ್ನ ಅಂಗಡಿಗೆ ಬಂದು ಬ್ಯಾಟರಿ ವಿಚಾರಿಸುತ್ತಾರೆ. ಇರಲಿ, ಅದು ಬೇರೆಯೇ ಕತೆ.

ಮೊದಲು ಮನೆಯ ಖರ್ಚು ಬರೆಯಿರಿ

ಒಂದು ಹಾಳೆ ತಗೊಂಡು ಮನೆಯಲ್ಲಿರುವ ಬಲ್ಬು, ಫ್ಯಾನು, ಮಿಕ್ಸಿ ಎಲ್ಲ ಬರೆಯಿರಿ. ಎದುರಿಗೆ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಅಂತ ಬರೆದು ಗುಣಿಸಿ. ಸಾವಿರ ವ್ಯಾಟ್-ಗಂಟೆ ಅಂದರೆ ಒಂದು ಯೂನಿಟ್.

9 ವ್ಯಾಟಿನ ಎಂಟು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 360. ಹಳೇ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಫ್ಯಾನು 30ರ ಆಸುಪಾಸು. ಅಂಥ ಮೂರು ಫ್ಯಾನು ಎಂಟು ಗಂಟೆ ತಿರುಗಿದರೆ 720. ಟಿವಿ ಮೂರು ಗಂಟೆಗೆ 240, ಇಂಟರ್ನೆಟ್ ಪೆಟ್ಟಿಗೆ ದಿನವಿಡೀ ಇದ್ದರೆ ಇನ್ನೊಂದು 240. ಮಿಕ್ಸಿ 700 ವ್ಯಾಟ್ ಆದರೂ ಓಡುವುದು ಕಾಲು ಗಂಟೆ. ಎಲ್ಲ ಸೇರಿದರೂ ಎರಡು ಯೂನಿಟ್ ದಾಟುವುದಿಲ್ಲ. ಫ್ರಿಜ್ ಇದ್ದರೆ ಹೆಚ್ಚುಕಮ್ಮಿ ಇನ್ನೊಂದು ಯೂನಿಟ್ ಸೇರಿಸಿ.

ಗೀಸರ್, ಇಸ್ತ್ರಿ ಪೆಟ್ಟಿಗೆ, ಬಾವಿ ಪಂಪು ಈ ಪಟ್ಟಿಯಲ್ಲಿ ಇರಬಾರದು. ಈ ಮೂರನ್ನೂ ಸ್ವಂತ ಕರೆಂಟಿನಲ್ಲಿ ಓಡಿಸುತ್ತೇನೆ ಅಂತ ಹೊರಟರೆ ಖರ್ಚು ಮೂರು ಪಟ್ಟು ಆಗುತ್ತದೆ. ಹಳೇ ಫ್ಯಾನು ಬದಲಿಸುವ ದುಡ್ಡು ಹೆಚ್ಚಿನ ಪ್ಯಾನೆಲ್ಲಿನ ದುಡ್ಡಿಗಿಂತ ಕಡಿಮೆ. ಆದರೂ ಜನ ಪ್ಯಾನೆಲ್ಲನ್ನೇ ಕೊಳ್ಳುತ್ತಾರೆ, ಯಾಕೆಂದರೆ ಅದು ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ.

ಹಳ್ಳ ಅಳೆಯುವುದು

ಎರಡು ಅಳತೆ ಬೇಕು. ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಸಿಗುತ್ತದೆ.

ಎತ್ತರಕ್ಕೆ ಮೊಬೈಲ್ ನೋಡಬೇಡಿ, ಅದು ಹತ್ತಿಪ್ಪತ್ತು ಮೀಟರ್ ಆಚೀಚೆ ಹೇಳಿಬಿಡುತ್ತದೆ. ಮನೆಯಲ್ಲಿ ತೋಟಕ್ಕೆ ನೀರು ಬಿಡುವ ಉದ್ದನೆಯ ಪೈಪ್ ಇದ್ದೇ ಇರುತ್ತದೆ. ಅದರ ಒಂದು ತುದಿ ಮೇಲೆ ನೀರು ಹಿಡಿಯುವ ಜಾಗದಲ್ಲಿರಲಿ, ಇನ್ನೊಂದು ತುದಿ ಕೆಳಗೆ ಯಂತ್ರ ಕೂರಿಸುವ ಜಾಗದಲ್ಲಿರಲಿ. ಗಾಳಿ ಇಲ್ಲದಂತೆ ಪೈಪ್ ಪೂರ್ತಿ ನೀರು ತುಂಬಿಸಿ ಕೆಳತುದಿಗೆ ಪ್ರೆಶರ್ ಗೇಜ್ ಕಟ್ಟಿ. ಗೇಜಿನಲ್ಲಿ ಒಂದು ಕೆಜಿ ತೋರಿಸಿದರೆ ಹತ್ತು ಮೀಟರ್ ಎತ್ತರ, ಎರಡೂವರೆ ತೋರಿಸಿದರೆ ಇಪ್ಪತ್ತೈದು ಮೀಟರ್. ಪೈಪ್ ಸಾಲದಿದ್ದರೆ ಎರಡು ಮೂರು ತುಂಡಾಗಿ ಅಳೆದು ಕೂಡಿಸಿ. ಗೇಜ್ ಇಲ್ಲದವರು ಗಾರೆ ಕೆಲಸದವರ ಲೆವೆಲ್ ಪೈಪ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ನಿಧಾನ ಆಗುತ್ತದೆ, ಉಂಬಳಗಳಿಗೆ (ಜಿಗಣೆ) ಹಬ್ಬ, ಆದರೆ ಲೆಕ್ಕ ಸರಿ ಬರುತ್ತದೆ.

ನೀರಿಗೆ ಬಕೆಟ್ ಸಾಕು. ಹಳ್ಳಕ್ಕೆ ಅಡ್ಡ ಮರಳು ಚೀಲ ಇಟ್ಟು ಪುಟ್ಟ ಕಟ್ಟ ಮಾಡಿ. ನೀರೆಲ್ಲ ಒಂದು ಅಡಿಕೆ ದಂಬೆಯಲ್ಲೋ ದಪ್ಪ ಪೈಪಿನಲ್ಲೋ ಬೀಳುವಂತೆ ತಿರುಗಿಸಿ. 15 ಲೀಟರ್ ಬಕೆಟ್ ಮೂರು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಹರಿವು ಜೋರಿದ್ದರೆ 200 ಲೀಟರ್ ಡ್ರಮ್ ಇಡಿ. ನಾಲ್ಕೈದು ಸಲ ಅಳೆದು ಸರಾಸರಿ ಹಿಡಿಯಿರಿ.

ಯಾವಾಗ ಅಳೆಯುತ್ತೀರಿ ಅನ್ನುವುದೇ ಮುಖ್ಯ. ಪುನರ್ವಸು ಮಳೆಯಲ್ಲಿ ಎಲ್ಲ ಹಳ್ಳವೂ ಹೊಳೆಯೇ. ಸ್ವಾತಿ ಮಳೆ ಮುಗಿದ ಮೇಲೆ ಒಮ್ಮೆ, ನವೆಂಬರ್ ಕೊನೆಗೆ ಇನ್ನೊಮ್ಮೆ ಅಳೆಯಿರಿ. ಯಂತ್ರದ ಗಾತ್ರ ತೀರ್ಮಾನ ಮಾಡಬೇಕಾದ್ದು ಆಗ ಬಂದ ಲೆಕ್ಕದ ಮೇಲೆ. ಹಾಗೇ ಹಳ್ಳದ ನೀರನ್ನೆಲ್ಲ ಪೈಪಿಗೆ ತುಂಬಬೇಡಿ. ಕಟ್ಟ ಮತ್ತು ಯಂತ್ರದ ನಡುವಿನ ಹಳ್ಳದಲ್ಲಿ ಮೀನು, ಕಪ್ಪೆ, ಏಡಿ ಇರುತ್ತವೆ. ಆ ಜಾಗದಲ್ಲಿ ಪಕ್ಕದ ತೋಟದವರ ನೀರಿನ ಕಾಲುವೆಯೂ ಹೊರಡುತ್ತಿರಬಹುದು. ಅವರ ಮನೆಗೆ ಹೋಗಿ, ಒಂದು ಲೋಟ ಕಷಾಯ ಕುಡಿದು, ಮಾತಾಡಿಯೇ ಕೆಲಸ ಶುರು ಮಾಡಿ. ಹಳ್ಳದ ಮೇಲ್ಭಾಗ ಕಾಡಿನೊಳಗಿದ್ದರೆ ಅರಣ್ಯ ಇಲಾಖೆಯನ್ನು ಕೇಳದೆ ಒಂದು ಪೈಪೂ ಎಳೆಯಬೇಡಿ.

ಈಗ ಲೆಕ್ಕ. ಲೀಟರ್ ಅನ್ನು ಮೀಟರಿನಿಂದ ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಅದೇ ನಿಮಗೆ ಸಿಗುವ ವ್ಯಾಟ್. ಪುಸ್ತಕದ ಲೆಕ್ಕದಲ್ಲಿ ಐದರ ಬದಲು 9.81 ಇರುತ್ತದೆ. ಚಿಕ್ಕ ಯಂತ್ರದಲ್ಲಿ ನೀರಿನ ಅರ್ಧದಷ್ಟು ಶಕ್ತಿ ಸೋರಿ ಹೋಗುತ್ತದೆ ಅಂತ ಇಟ್ಟುಕೊಂಡರೆ ಆಮೇಲೆ ಬೇಜಾರು ಇರುವುದಿಲ್ಲ.

ಹೊಸನಗರ ಕಡೆಯ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಎತ್ತರ 25 ಮೀಟರ್, ನೀರು 6 ಲೀಟರ್. ಗುಣಿಸಿದರೆ 750 ವ್ಯಾಟ್, ಪೈಪಿನ ನಷ್ಟ ಕಳೆದು 700. "ಅಯ್ಯೋ, ಒಂದು ಮಿಕ್ಸಿಯಷ್ಟೇನಾ?" ಅಂದರು ಮನೆಯವರು. ಇದು 24 ಗಂಟೆಯೂ ಬರುವ 700 ವ್ಯಾಟ್. ದಿನಕ್ಕೆ ಹದಿನಾರು ಯೂನಿಟ್‌ಗೂ ಮೇಲಾಯಿತು. ಮೂರು ಕಿಲೋವ್ಯಾಟ್ ಸೋಲಾರ್ ಒಳ್ಳೇ ಬಿಸಿಲಲ್ಲಿ ಕೊಡುವುದು ಸುಮಾರು ಹನ್ನೆರಡು. ಮೋಡ ಕವಿದ ದಿನ ಅದು ಕಾಲು ಭಾಗಕ್ಕೂ ಇಳಿಯುತ್ತದೆ.

ಪೈಪು, ತೊಟ್ಟಿ

ದುಡ್ಡು ಉಳಿಸಲು ಹೋಗಿ ಜನ ಕೆಡಿಸಿಕೊಳ್ಳುವುದು ಪೈಪಿನಲ್ಲಿ. ಮೇಲೆ ಹೇಳಿದ ಮನೆಯ 6 ಲೀಟರ್ ನೀರನ್ನೇ ತಗೊಳ್ಳಿ. 63 ಎಂಎಂ ಪೈಪಿನಲ್ಲಿ ಬಿಟ್ಟರೆ ಪ್ರತಿ 100 ಮೀಟರಿಗೆ ಎಂಟೊಂಬತ್ತು ಮೀಟರ್ ಎತ್ತರ ಪೈಪಿನ ಒಳಗಿನ ತಿಕ್ಕಾಟಕ್ಕೇ ಹೋಗುತ್ತದೆ. 90 ಎಂಎಂ ಹಾಕಿದರೆ ಹೋಗುವುದು ಒಂದೂವರೆ ಮೀಟರ್ ಅಷ್ಟೇ. ಕಷ್ಟಪಟ್ಟು ಹುಡುಕಿದ 25 ಮೀಟರಿನಲ್ಲಿ ಮೂರನೇ ಒಂದು ಪಾಲು ಪೈಪಿಗೆ ಕೊಡುವುದು ಯಾವ ಲೆಕ್ಕ? ಉದ್ದ ಜಾಸ್ತಿ ಇದ್ದಲ್ಲಿ ಯಂತ್ರಕ್ಕಿಂತ ಪೈಪಿನ ಖರ್ಚೇ ಹೆಚ್ಚಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೊಣಕೈ ತಿರುವು ಕಡಿಮೆ ಇರಲಿ. 25 ಮೀಟರ್ ಎತ್ತರಕ್ಕೆ ಕೆಳಭಾಗದಲ್ಲಿ ಎರಡೂವರೆ ಕೆಜಿ ಒತ್ತಡ ಇರುತ್ತದೆ. 4 ಕೆಜಿ ಪೈಪ್ ತಡೆಯುತ್ತದೆ, ಆದರೆ ಕೊನೆಯ ಭಾಗಕ್ಕೆ 6 ಕೆಜಿಯದ್ದು ಹಾಕಿದರೆ ನೆಮ್ಮದಿ. ಪಿವಿಸಿ ಪೈಪ್ ಬಿಸಿಲಿಗೆ ಬಿದ್ದರೆ ಕೆಲವೇ ವರ್ಷಕ್ಕೆ ಸಿಡಿಯುತ್ತದೆ, ಮಣ್ಣೊಳಗೆ ಹೂಳಿ. ಬಂಡೆ ಮೇಲೆ ಹೋಗಲೇಬೇಕಾದ ಕಡೆ ಬಿಸಿಲು ತಡೆಯುವ ಎಚ್‌ಡಿಪಿಇ ಪೈಪ್ ಹಾಕಿ.

ನೀರು ಹಳ್ಳದಿಂದ ನೇರ ಪೈಪಿಗೆ ಹೋಗಬಾರದು. ನಡುವೆ ಒಂದು ತೊಟ್ಟಿ ಬೇಕು. ಹಳೇ 500 ಲೀಟರ್ ಸಿಂಟೆಕ್ಸ್ ಟ್ಯಾಂಕ್ ಆದರೂ ನಡೆಯುತ್ತದೆ. ಮರಳು ಅಲ್ಲಿ ಕೆಳಗೆ ಕೂರುತ್ತದೆ, ತಳದಲ್ಲಿ ಅದನ್ನು ಬಿಡಲು ಒಂದು ಮುಚ್ಚಳದ ತೂತು ಇಡಿ. ಪೈಪಿನ ಬಾಯಿ ನೀರಿನ ಮಟ್ಟದಿಂದ ಒಂದು ಮೊಳ ಕೆಳಗಿರಲಿ, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಬಾಯಿಗೆ ಜಾಲರಿ ಕಡ್ಡಾಯ. ಜಾಲರಿಯನ್ನು ನೇರ ನಿಲ್ಲಿಸದೆ ಓರೆಯಾಗಿ ಇಟ್ಟರೆ ದರಕು (ಒಣ ಎಲೆ) ತಾನೇ ಜಾರಿ ಹೆಚ್ಚಿನ ನೀರಿನ ಜೊತೆ ಹೊರಗೆ ಹೋಗುತ್ತದೆ. ಹಾಗಿದ್ದರೂ ಜಡಿಮಳೆಯಲ್ಲಿ ದಿನಕ್ಕೊಮ್ಮೆ ಯಾರಾದರೂ ಹತ್ತಿ ಹೋಗಿ ಕೈಯಾಡಿಸಲೇಬೇಕು. ಆ ಕೆಲಸಕ್ಕೆ ಮನೆಯಲ್ಲಿ ಯಾರಿದ್ದಾರೆ ಅಂತ ಮೊದಲೇ ಯೋಚಿಸಿ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಇಲ್ಲಿ ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಗೆ ನಾನು ಇದನ್ನು ಹಾಕಿಸಿ ಅನ್ನುವುದಿಲ್ಲ. ಜಾರುವ ಗುಡ್ಡ ಹತ್ತುವುದು ಆಟ ಅಲ್ಲ.

ತೊಟ್ಟಿ ದಾಟಿದ ಕೂಡಲೇ ಪೈಪಿಗೆ ಒಂದು ಗಾಳಿ ಕೊಳವೆ ನೆಟ್ಟಗೆ ನಿಲ್ಲಿಸಿ. ಜಾಲರಿ ಕಟ್ಟಿಕೊಂಡಾಗ ಪೈಪ್ ಒಳಗೆ ನಿರ್ವಾತವಾಗಿ ಚಪ್ಪಟೆಯಾಗುವುದನ್ನು ಇದು ತಪ್ಪಿಸುತ್ತದೆ. ಕೆಳಗೆ ಯಂತ್ರದ ಮುಂದೆ ಗೇಟ್ ವಾಲ್ವ್ ಹಾಕಿ. ಬಾಲ್ ವಾಲ್ವ್ ಬೇಡ. ಅದನ್ನು ಫಟ್ ಅಂತ ಮುಚ್ಚಿದರೆ ಓಡುತ್ತಿರುವ ನೀರೆಲ್ಲ ಬಂದು ಗುದ್ದಿ ಪೈಪಿನ ಜಾಯಿಂಟ್ ಒಡೆಯುತ್ತದೆ.

ಯಂತ್ರ ಮತ್ತು ಹಂಡೆ

ಎತ್ತರ ಜಾಸ್ತಿ, ನೀರು ಕಡಿಮೆ ಇರುವ ನಮ್ಮ ಕಡೆಗೆ ಪೆಲ್ಟನ್ ಅಥವಾ ಟರ್ಗೋ ಚಕ್ರ ಸರಿ. ನಾಝಲ್‌ನಿಂದ ಚಿಮ್ಮಿದ ನೀರು ಚಕ್ರದ ಬಟ್ಟಲುಗಳಿಗೆ ಹೊಡೆದು ತಿರುಗಿಸುತ್ತದೆ. ಆ ಮನೆಗೆ 6 ಲೀಟರ್ ನೀರಿಗೆ ಹೆಚ್ಚುಕಮ್ಮಿ 19 ಎಂಎಂ ನಾಝಲ್ ಬೇಕಾಯಿತು. ಮಳೆ ಇಳಿದು ನೀರು 3 ಲೀಟರಿಗೆ ಬಂದಾಗ ಅದೇ ನಾಝಲ್ ಇಟ್ಟರೆ ಪೈಪ್ ಖಾಲಿಯಾಗಿ ಒತ್ತಡವೇ ಹೋಗುತ್ತದೆ. ಆಗ 13 ಎಂಎಂ ಹಾಕಿದರೆ ಅರ್ಧ ಕರೆಂಟಾದರೂ ಸರಿಯಾಗಿ ಬರುತ್ತದೆ. ಕೊಳ್ಳುವಾಗಲೇ ಮೂರು ಅಳತೆಯ ನಾಝಲ್ ಕೇಳಿ ತಗೊಳ್ಳಿ.

ಜನರಿಗೆ ಹೊಸದಾಗಿ ಕಾಣುವ ವಿಷಯ ಒಂದಿದೆ. ಮನೆಯಲ್ಲಿ ಎಲ್ಲ ಸ್ವಿಚ್ ಆರಿಸಿದರೂ ನೀರು ಚಕ್ರಕ್ಕೆ ಹೊಡೆಯುತ್ತಲೇ ಇರುತ್ತದೆ. ಕರೆಂಟು ಎಳೆಯುವವರು ಇಲ್ಲದಿದ್ದರೆ ಚಕ್ರ ಹುಚ್ಚು ವೇಗಕ್ಕೆ ಏರುತ್ತದೆ, ವೋಲ್ಟೇಜ್ ಹಾರುತ್ತದೆ, ಆಗ ಯಾವುದಾದರೂ ಬಲ್ಬು ಉರಿಯುತ್ತಿದ್ದರೆ ಸುಟ್ಟು ಹೋಗುತ್ತದೆ. ಇದಕ್ಕೆ ಲೋಡ್ ಕಂಟ್ರೋಲರ್ ಅನ್ನುವ ಪೆಟ್ಟಿಗೆ ಇರುತ್ತದೆ. ಮನೆ ಬಳಸದೆ ಬಿಟ್ಟ ಕರೆಂಟನ್ನು ಅದು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಕೆಲವರು ಆ ಕಾಯಿಲ್ಲನ್ನು ಗೋಡೆಗೆ ಹೊಡೆದು ಗಾಳಿಗೆ ಬಿಸಿ ಬಿಡುತ್ತಾರೆ. ನಾನು ಬಚ್ಚಲಿಗೆ ಕೊಂಡೊಯ್ಯಿರಿ ಅನ್ನುತ್ತೇನೆ. ಆರಿದ್ರಾ ಮಳೆಯಲ್ಲಿ ಸೌದೆ ಒದ್ದೆ, ಅಡಿಕೆ ಸಿಪ್ಪೆಯೂ ಹೊಗೆ ಕಾರುತ್ತದೆ. ರಾತ್ರಿ ಹತ್ತು ಗಂಟೆ 500 ವ್ಯಾಟ್ ಹಂಡೆಗೆ ಹೋದರೆ ಐದು ಯೂನಿಟ್. ಲೆಕ್ಕದ ಪ್ರಕಾರ 100 ಲೀಟರ್ ನೀರಿನ ಬಿಸಿ 40 ಡಿಗ್ರಿಯಷ್ಟು ಮೇಲೇರುತ್ತದೆ. ತೆರೆದ ತಾಮ್ರದ ಹಂಡೆಯಲ್ಲಿ ಅಷ್ಟು ನಿಲ್ಲುವುದಿಲ್ಲ, ಸುತ್ತ ಹೊದಿಕೆ ಇರುವ ಟ್ಯಾಂಕ್ ಇದ್ದರೆ ಬೆಳಗ್ಗೆ ಮನೆಮಂದಿಯ ಸ್ನಾನ ಆಗುತ್ತದೆ. ಒಂದೇ ಎಚ್ಚರ, ಕಾಯಿಲ್ ಯಾವಾಗಲೂ ನೀರಲ್ಲಿ ಮುಳುಗಿರಬೇಕು. ನೀರಿಲ್ಲದೆ ಕಾಯಿಲ್ ಸುಟ್ಟರೆ ಚಕ್ರದ ಲಗಾಮು ತಪ್ಪಿತು ಅಂತಲೇ ಅರ್ಥ. ಟ್ಯಾಂಕಿನ ಲೋಹಕ್ಕೆ ಅರ್ಥಿಂಗ್ ಕೊಡಿ. ಸ್ನಾನಕ್ಕೆ ಮೊದಲು ಕರೆಂಟನ್ನು ಈ ಕಾಯಿಲ್‌ನಿಂದ ಇನ್ನೊಂದು ಕಾಯಿಲ್‌ಗೆ ತಿರುಗಿಸುವ ಸ್ವಿಚ್ ಇರಲಿ.

ಫ್ರಿಜ್ ವಿಷಯಕ್ಕೆ ಬರೋಣ. ಅದರ ಕಂಪ್ರೆಸರ್ ಶುರುವಾಗುವ ಒಂದು ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. 700 ವ್ಯಾಟ್ ಯಂತ್ರ ಅಲ್ಲಿ ತಡವರಿಸುತ್ತದೆ. ನಡುವೆ ಬ್ಯಾಟರಿ, ಇನ್ವರ್ಟರ್ ಇದ್ದರೆ ಯಂತ್ರ ನಿಧಾನಕ್ಕೆ ಬ್ಯಾಟರಿ ತುಂಬುತ್ತದೆ, ಇನ್ವರ್ಟರ್ ಆ ಹೊಡೆತ ತಗೊಳ್ಳುತ್ತದೆ. ಬೇಸಿಗೆಯ ಸೋಲಾರಿಗೆ ಹೇಗೂ ಬ್ಯಾಟರಿ ಬೇಕು, ಅದೇ ಇಲ್ಲಿಗೂ ಆಗುತ್ತದೆ.

ತಂತಿಯ ವಿಷಯ ಚಿಕ್ಕದು. ಯಂತ್ರ ಮನೆಯಿಂದ ದೂರ ಇದ್ದರೆ 24 ವೋಲ್ಟ್ ಡಿಸಿ ತರಬೇಡಿ, ದಾರಿಯಲ್ಲೇ ಮುಗಿದು ಹೋಗುತ್ತದೆ. 230 ವೋಲ್ಟ್ ತನ್ನಿ. 300 ಮೀಟರ್ ದೂರಕ್ಕೆ 2.5 ಚದರ ಎಂಎಂ ತಾಮ್ರದ ತಂತಿಯಲ್ಲಿ 700 ವ್ಯಾಟ್ ತಂದರೆ ಹದಿನಾಲ್ಕು ಹದಿನೈದು ವೋಲ್ಟ್ ಇಳಿಯುತ್ತದೆ, ಪರವಾಗಿಲ್ಲ.

ಲೈನ್‌ಮನ್ ಜೀವ

ಇಷ್ಟು ಹೊತ್ತು ಸಲಹೆ ಕೊಟ್ಟೆ, ಇದು ಸಲಹೆ ಅಲ್ಲ. ಮೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ಅವರ ಲೈನಿಗೂ ನಿಮ್ಮ ಯಂತ್ರಕ್ಕೂ ನಡುವೆ ಎರಡು ದಾರಿಯ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಪೂರ್ತಿ ಕಡಿಯಬೇಕು, ಫೇಸ್ ಜೊತೆಗೆ ನ್ಯೂಟ್ರಲ್ ಕೂಡ. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ "ಲೈನ್ ಆಫ್ ಇದೆ" ಅಂತ ನಂಬಿ ತಂತಿ ಮುಟ್ಟಿರುತ್ತಾನೆ. ನಿಮ್ಮ ಮನೆಯ 230 ವೋಲ್ಟ್ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಹಿಂದಕ್ಕೆ ಹೋದರೆ ಸಾವಿರಾರು ವೋಲ್ಟ್ ಆಗಿ ಅವನಿಗೆ ಹೊಡೆಯುತ್ತದೆ. ಸಾಕೆಟ್ಟಿಗೆ ಎರಡು ಪಿನ್ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವ ಉಪಾಯ ಯಾರಾದರೂ ಹೇಳಿದರೆ ಅವರನ್ನು ಮನೆಯೊಳಗೆ ಬಿಡಬೇಡಿ. ಜೊತೆಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಗುಡುಗಿನ ಕಾಲಕ್ಕೆ ಸರ್ಜ್ ಅರೆಸ್ಟರ್. ಈ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ.

ಡಿಸೆಂಬರಿನಿಂದ ಮೇ ತನಕ ಬಿಸಿಲು

ಹಳ್ಳ ಸೊರಗಿದ ಮೇಲೆ ಸೋಲಾರ್. ನಮ್ಮ ರಾಜ್ಯದಲ್ಲಿ ಬಿಸಿಲು ಇರುವ ದಿನ ಒಂದು ಕಿಲೋವ್ಯಾಟ್ ಪ್ಯಾನೆಲ್ಲಿಗೆ ಸುಮಾರು ನಾಲ್ಕು ಯೂನಿಟ್. ಮೂರು ಯೂನಿಟ್ ಖರ್ಚಿನ ಮನೆಗೆ ಒಂದು ಕಿಲೋವ್ಯಾಟ್ ಸಾಕು. ಜಾಗ ನೂರು ಚದರ ಅಡಿ ಬೇಕು. ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ ಎರಡು ಇಟ್ಟರೆ ಹೆಸರಿಗೆ 3.6 ಯೂನಿಟ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ರಾತ್ರಿಗೆ ಸಿಗುವುದು 1.8.

ತೊಂದರೆ ಇರುವುದು ನೆರಳಿನಲ್ಲಿ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲು ಕುಂಟುತ್ತದೆ. ನೆರಳನ್ನು ಡಿಸೆಂಬರಿನಲ್ಲಿ ನೋಡಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಬೆಳಗ್ಗೆ ಒಂಬತ್ತರಿಂದ ಮೂರರ ತನಕ ನೆರಳಿಲ್ಲದ ಜಾಗ ಬೇಕು. ಹೆಂಚಿನ ಮಾಡಿನ ಮೇಲೆ ಹಾಕಿಸುವುದು ನನಗೆ ಇಷ್ಟ ಇಲ್ಲ. ಹೆಂಚು ಒಡೆದರೆ ಬದಲಿಸಲು ಆಗುವುದಿಲ್ಲ, ಮಂಗಗಳ ಕುಣಿತ ಬೇರೆ. ಕೊಟ್ಟಿಗೆಯ ಆರ್‌ಸಿಸಿ ಮೇಲೋ ಅಂಗಳದ ಬದಿಗೆ ಕಂಬದ ಮೇಲೋ ಹಾಕಿ. ಅಂಗಳದಲ್ಲಿ ಹಾಕುವಾಗ ಅಡಿಕೆ ಒಣಗಿಸುವ ಜಾಗಕ್ಕೆ ಪ್ಯಾನೆಲ್ಲಿನ ನೆರಳು ಬೀಳದಂತೆ ನೋಡಿ. ಮನೆಯ ಹೆಂಗಸರನ್ನು ಕೇಳಿದರೆ ಜಾಗ ಅವರೇ ತೋರಿಸುತ್ತಾರೆ. ಮಳೆಗಾಲ ಮುಗಿದ ಕೂಡಲೇ ಗಾಜಿನ ಕೆಳ ಅಂಚಿನ ಪಾಚಿ ಒರೆಸಿ.

ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲೆ 78,000 ರೂಪಾಯಿ ಸಬ್ಸಿಡಿ. ಇದು ಲೈನಿಗೆ ಜೋಡಿಸುವ ಸೋಲಾರಿಗೆ. ಅದರ ಆನ್-ಗ್ರಿಡ್ ಇನ್ವರ್ಟರ್ ಲೈನಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಲೈನ್‌ಮನ್ ಕಾರಣಕ್ಕೇ. ಸುಡು ಬಿಸಿಲಲ್ಲೂ ಮನೆ ಕತ್ತಲೆ. ಮಾರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ. ಕರೆಂಟ್ ಹೋದಾಗಲೂ ಬೆಳಕು ಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಕೇಳಿ. ಇನ್ನೊಂದು ಮಾತು, 2023ರಿಂದ ಗೃಹಜ್ಯೋತಿ ಇದೆ. ಅದರಲ್ಲಿ ಬಿಲ್ಲು ಸೊನ್ನೆ ಬರುತ್ತಿರುವ ಮನೆಗೆ ಬಿಲ್ಲು ಉಳಿಸಲು ಸೋಲಾರ್ ಹಾಕಿಸಿ ಏನು ಉಪಯೋಗ ಹೇಳಿ? ಅಂಥ ಮನೆಯವರು ಹಾಕಿಸಬೇಕಾದ್ದು ಕರೆಂಟ್ ಹೋದಾಗಿನ ಬೆಳಕಿಗೆ ಮಾತ್ರ.

ಒಲೆಗೆ ಕರೆಂಟು ಬೇಡ

ಇಂಡಕ್ಷನ್ ಒಲೆ ಈ ವ್ಯವಸ್ಥೆಗೆ ಸಲ್ಲದು. ಕೊಟ್ಟಿಗೆಯಲ್ಲಿ ನಾಲ್ಕೈದು ದನ ಇದ್ದರೆ ಗೋಬರ್ ಗ್ಯಾಸೇ ಸರಿ. ಎರಡು ಘನ ಮೀಟರ್ ದೀನಬಂಧು ಮಾದರಿಯ ಗುಂಡಿಗೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ನಾಲ್ಕೈದು ಜನರ ಅಡುಗೆ ಆಗುತ್ತದೆ, ಬಗ್ಗಡ ತೋಟಕ್ಕೆ ಹೋಗುತ್ತದೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗದಿರಲಿ. ಸೋರಿಕೆ ನೋಡಲು ಸೋಪಿನ ನೀರು ಹಚ್ಚಿ, ಬೆಂಕಿಕಡ್ಡಿ ಗೀರಬೇಡಿ. ಗುಂಡಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಬಚ್ಚಲಿಗೆ, ನೀರಿನ ಯಂತ್ರ ನಿಂತ ಕಾಲದಲ್ಲಿ, ಅಸ್ತ್ರ ಒಲೆ ಇದ್ದರೆ ಸೌದೆ ಉಳಿಯುತ್ತದೆ. ಬೆಂಗಳೂರಿನ ಐಐಎಸ್‌ಸಿಯ ಅಸ್ತ್ರ ಕೇಂದ್ರ ಮಾಡಿದ್ದು ಅದು, ಹೆಸರೂ ಅಲ್ಲಿಂದಲೇ.

ವರ್ಷಕ್ಕೊಮ್ಮೆಯ ಕೆಲಸ

ಹಳ್ಳದ ನೀರು ಚಿಕ್ಕ ನಾಝಲ್ಲಿಗೂ ಸಾಲದಾದಾಗ ಯಂತ್ರ ನಿಲ್ಲಿಸಿ. ಪೈಪಿನ ನೀರೆಲ್ಲ ತಳದಿಂದ ಬಿಡಿ, ತೊಟ್ಟಿಯ ಮರಳು ತೆಗೆಯಿರಿ, ಜಾಲರಿ ಮನೆಗೆ ತನ್ನಿ. ಚಕ್ರದ ಬಟ್ಟಲುಗಳು ಮರಳಿಗೆ ಸವೆದಿವೆಯಾ ನೋಡಿ. ಬೇರಿಂಗ್ ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಬೇಸಿಗೆಯಲ್ಲೇ ಬದಲಿಸಿ, ಆಗ ನಮ್ಮಂಥ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ. ಮೃಗಶಿರ ಮಳೆಯಲ್ಲಿ ತಂದರೆ ನಿಮ್ಮ ಮುಂದೆ ಹತ್ತು ಪಂಪುಗಳು ಕಾಯುತ್ತಿರುತ್ತವೆ. ಜನರೇಟರನ್ನು ಬಿಚ್ಚಿ ಒಣ ಜಾಗದಲ್ಲಿಡಿ, ಇಲಿ ವೈಂಡಿಂಗ್ ಕಡಿಯದಂತೆ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಬಾವಿ ನೀರು ಬೇಡ.

ಯಂತ್ರ ಕೊಳ್ಳುವ ಮೊದಲು ಮಾರುವವರನ್ನು ಜಾಗಕ್ಕೆ ಕರೆಯಿರಿ. ನಿಮ್ಮ ಅಳತೆ ತೋರಿಸದೆ ಅವರ ಕೈಯಲ್ಲೂ ಅಳೆಸಿ. ಎರಡೂ ಹತ್ತಿರ ಬಂದರೆ ಮುಂದಿನ ಮಾತು. ಸದ್ಯದಲ್ಲೇ ಹಾಕಿದ ಎರಡು ಮೂರು ಮನೆಗಳ ವಿಳಾಸ ಕೇಳಿ, ಮಳೆಗಾಲದಲ್ಲೇ ಹೋಗಿ ನೋಡಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಕಂಟ್ರೋಲರ್ ಕೆಟ್ಟರೆ ಯಾರು ಬರುತ್ತಾರೆ ಅಂತ ಬರೆಸಿಕೊಳ್ಳಿ. ಹಳ್ಳ ನೋಡದೆ ಫೋನಿನಲ್ಲೇ "ಒಂದು ಕಿಲೋವ್ಯಾಟ್ ಗ್ಯಾರಂಟಿ" ಅನ್ನುವವರ ಹತ್ತಿರ ಮುಂಗಡ ಕೊಡಬೇಡಿ.